ಕತ್ತಲು ಬೇಗ ಕವಿಯುವ ವಾರಗಳಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕಾಳಜಿ: ನನ್ನ ಅನುಭವ

ಉತ್ತರದ ಚಳಿ ದೇಶಗಳಲ್ಲಿ ಶರತ್ಕಾಲದ ಕೊನೆ ಬಂತೆಂದರೆ ವಿದ್ಯಾರ್ಥಿಗಳ ಮೇಲೆ ಮೂರು ಭಾರ ಒಟ್ಟಿಗೇ ಬೀಳುತ್ತವೆ. ಹಗಲು ಕುಗ್ಗುತ್ತದೆ, ಮೊದಲ ದೊಡ್ಡ ಅಸೈನ್‌ಮೆಂಟ್‌ಗಳ ಗಡುವು ಹತ್ತಿರವಾಗುತ್ತದೆ, ಮನೆಯಲ್ಲಿ ಹಬ್ಬ ನಡೆಯುವಾಗ ಇವರು ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಇವನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿಬಿಟ್ಟರೆ ನಡುವೆ ಬಿದ್ದವರು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ನಾನು ಮೂರಕ್ಕೂ ಸೇರಿಸಿ ಒಂದೇ ಕ್ಯಾಲೆಂಡರ್ ಬರೆಯುತ್ತೇನೆ.

ಅದರಲ್ಲಿ ಮೊದಲು ಬರುವುದು ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಿಡುವ ದಿನ: ಯುರೋಪಿನ ಹೆಚ್ಚಿನ ಕಡೆ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದಲ್ಲಿ ಹೆಚ್ಚಿನ ಕಡೆ ನವೆಂಬರ್‌ನ ಮೊದಲ ಭಾನುವಾರ. ಮಾರನೆಯ ದಿನದಿಂದ ಸಂಜೆಯ ಕ್ಲಾಸ್ ಮುಗಿಸಿ ಹೊರಬಂದರೆ ಕತ್ತಲು. ಆಮೇಲೆ ಹಬ್ಬಗಳು. ದೀಪಾವಳಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದೊಳಗೆ ಎಲ್ಲಿಯಾದರೂ ಬೀಳಬಹುದು. ಮೆಕ್ಸಿಕೋದವರು ತೀರಿಕೊಂಡವರನ್ನು ನೆನೆಯುವುದು ನವೆಂಬರ್ 1 ಮತ್ತು 2ರಂದು. ಇಸ್ಲಾಮಿಕ್ ವರ್ಷ 10–11 ದಿನ ಚಿಕ್ಕದಾದ್ದರಿಂದ ಅದರ ಹಬ್ಬಗಳು ಪ್ರತಿ ವರ್ಷ ಹಿಂದೆ ಸರಿಯುತ್ತವೆ. ಕಳೆದ ವರ್ಷದ ಪಟ್ಟಿಯನ್ನೇ ನಕಲು ಮಾಡುವವರು ಎಡವುವುದು ಇಲ್ಲೇ. ಪಟ್ಟಿ ಸಿದ್ಧವಾದ ಕೂಡಲೇ ಅಧ್ಯಾಪಕರಿಗೆ ಕಳಿಸಬೇಕು. ಪರೀಕ್ಷೆಯ ದಿನ ಗೊತ್ತಾದ ಮೇಲೆ ಕಳಿಸಿದರೆ ಯಾರೂ ಬದಲಿಸುವುದಿಲ್ಲ.

ಹಬ್ಬದ ಬಗ್ಗೆ ವಿದ್ಯಾರ್ಥಿಯಿಂದ ಭಾಷಣ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ‘ಆ ದಿನ ನಿನಗೇನು ಬೇಕು?’ ಎಂದು ಕೇಳಿದರೆ ಸಾಕು. ಉತ್ತರ ಸಾಮಾನ್ಯವಾಗಿ ಸರಳವಾಗಿರುತ್ತದೆ: ತಡರಾತ್ರಿಯವರೆಗೆ ಅಡುಗೆಮನೆ, ಮನೆಗೆ ವಿಡಿಯೋ ಕಾಲ್ ಮಾಡಲು ಸದ್ದಿಲ್ಲದ ಕೋಣೆ, ಒಂದು ದಿನದ ರಜೆ, ದೀಪ ಹಚ್ಚಲು ಅನುಮತಿ. ದೀಪಕ್ಕೆ ‘ಇಲ್ಲ’ ಎಂದಷ್ಟೇ ಹೇಳಿದರೆ ಕೋಣೆಯ ಸ್ಮೋಕ್ ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಸುತ್ತಿ ಒಳಗೇ ಹಚ್ಚುತ್ತಾರೆ, ಅದು ನಿಜವಾದ ಅಪಾಯ. ಅದರ ಬದಲು ಅಂಗಳದಲ್ಲಿ ಗಾಳಿ ತಾಗದ ಜಾಗ, ಮರಳು ತುಂಬಿದ ತಟ್ಟೆ, ಒಂದು ಬಕೆಟ್ ನೀರು, ಕೊನೆಯ ದೀಪ ಆರುವವರೆಗೆ ನಿಲ್ಲುವ ಒಬ್ಬರು, ಇಷ್ಟನ್ನು ಒದಗಿಸಿ. ಪಟಾಕಿ ಹಾರಿಸುವ ರಾತ್ರಿ ಇದ್ದರೆ ಸಮಯವನ್ನೂ ದಿಕ್ಕನ್ನೂ ಮುಂಚಿತವಾಗಿ ಎಲ್ಲರಿಗೂ ತಿಳಿಸಿ. ಯುದ್ಧ ಕಂಡ ಊರುಗಳಿಂದ ಬಂದವರಿಗೆ ಹಠಾತ್ ಸಿಡಿತ ಬಹಳ ಹಿಂಸೆ ಕೊಡುತ್ತದೆ.

ಇನ್ನು ಬೆಳಕು. ಹಗಲು ಕುಗ್ಗಿದಾಗ ಕವಿಯುವ ಮಂಕು ಕಳೆಯಲು ಬಳಸುವ ಪ್ರಖರ ದೀಪ, ಅಂದರೆ ಲೈಟ್ ಬಾಕ್ಸ್, 10,000 ಲಕ್ಸ್‌ನದು ಇರಲಿ (ಲಕ್ಸ್ ಎಂದರೆ ಬೀಳುವ ಬೆಳಕನ್ನು ಅಳೆಯುವ ಮಾನ). ಎದ್ದ ಒಂದು ಗಂಟೆಯೊಳಗೆ 30 ನಿಮಿಷ ಅದರ ಮುಂದೆ ಕೂರಬೇಕು. ಕಣ್ಣು ತೆರೆದಿರಬೇಕು, ದೀಪವನ್ನೇ ದಿಟ್ಟಿಸಬಾರದು. ಆ 10,000 ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಓದಿ. 15 ಸೆಂ.ಮೀ.ಗೆ ಲೆಕ್ಕ ಹಾಕಿದ ಚಿಕ್ಕ ದೀಪವನ್ನು ಮೇಜಿನ ಆಚೆ ತುದಿಯಲ್ಲಿಟ್ಟರೆ ತಲುಪುವುದು ಅದರ ಸಣ್ಣ ಪಾಲು. ಸಂಜೆ ಬಳಸಿದರೆ ನಿದ್ದೆ ಇನ್ನೂ ಮುಂದೆ ಹೋಗುತ್ತದೆ. ಮೂರೇ ದಿನಕ್ಕೆ ‘ಕೆಲಸ ಮಾಡಲಿಲ್ಲ’ ಎಂದು ಬಿಡುವವರು ಬಹಳ. ಪರಿಣಾಮ ಕಾಣಲು ಒಂದೆರಡು ವಾರ ಬೇಕು. ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹ, ಖಿನ್ನತೆಗಳ ನಡುವೆ ಏರಿಳಿಯುವುದು) ಅಥವಾ ಕಣ್ಣಿನ ತೊಂದರೆ ಇದ್ದವರು, ಬೆಳಕಿಗೆ ಚರ್ಮ ಸೂಕ್ಷ್ಮವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರು ಮಾಡಲೇಬಾರದು. ಬಾಕ್ಸ್ ಇಲ್ಲದಿದ್ದರೆ ಬೆಳಗಿನ ನಡಿಗೆ. ಮೋಡ ಕವಿದ ಹಗಲಿನ ಬೆಳಕೂ ಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮಾತಿಗೆ ಕೂತಾಗ ‘ಬೇಸರವಾಗಿದೆಯಾ?’ ಎಂದು ನೇರ ಕೇಳಿದರೆ ಹಲವರು ಇಲ್ಲ ಎನ್ನುತ್ತಾರೆ. ತಲೆನೋವು, ಹೊಟ್ಟೆ ಸರಿಯಿಲ್ಲ, ಸುಸ್ತು ಎಂದು ಹೇಳುವವರೇ ಹೆಚ್ಚು. ಹಾಗಾಗಿ ಮೊದಲು ನಿದ್ದೆ, ಊಟ, ತಪ್ಪಿದ ಕ್ಲಾಸ್‌ಗಳನ್ನು ವಿಚಾರಿಸುತ್ತೇನೆ, ಆಮೇಲೆ ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕೊಡುತ್ತೇನೆ. ಒಟ್ಟು 27 ಅಂಕಗಳಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಪ್ತಸಮಾಲೋಚಕರ ಭೇಟಿ ಗೊತ್ತು ಮಾಡುತ್ತೇನೆ. ಒಂಬತ್ತನೆಯ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಇದ್ದರೂ, ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಅದೇ ದಿನ, ಅದೇ ಹೊತ್ತಿಗೆ ಅವರನ್ನು ಒಂಟಿಯಾಗಿ ಬಿಡದೆ ಸಮಾಲೋಚಕರ ಹತ್ತಿರ ಜೊತೆಗೇ ಕರೆದುಕೊಂಡು ಹೋಗುತ್ತೇನೆ.