ಬೇಸಿಗೆಗೆ ಮುಂಚೆ ನಮ್ಮನೆ ತಯಾರಿ: ಕೂಲರ್, ಮಾಳಿಗೆ, ಚೇಳು

ರಾಯಚೂರಿನ ಬಿಸಿಲು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಹಗಲಿಗೆ ಕೂಲರ್, ರಾತ್ರಿ ಮಲಗಲು ಮಾಳಿಗೆ. ಕರೆಂಟ್ ಹೊಡೆಯುವುದೂ ಕಳ್ಳ ಬರುವುದೂ ಇವೆರಡರಿಂದಲೇ ಜಾಸ್ತಿ. ಹಾಗಾಗಿ ಯುಗಾದಿಗೆ ಮುಂಚೆಯೇ ನಮ್ಮ ತಯಾರಿ ಶುರು.

ಮೊದಲು ಕೂಲರ್. ತಗಡಿನ ಮೈ, ತಳದಲ್ಲಿ ನೀರು, ನೀರಿನಲ್ಲೇ ಪಂಪ್. ಪಂಪಿನ ವಯರ್ ಸಿಪ್ಪೆ ಸ್ವಲ್ಪ ಬಿರಿದರೂ ತಗಡಿಗೆಲ್ಲ ಕರೆಂಟ್ ಬರಬಹುದು. ಒಂದು ಬೇಸಿಗೆಯಲ್ಲಿ ಟೆಸ್ಟರ್ ಇಟ್ಟು ನೋಡಿದೆ, ಸಣ್ಣಗೆ ಕೆಂಪು ದೀಪ ಹತ್ತಿತು. ಗಾಳಿ ಮಾತ್ರ ಚೆನ್ನಾಗಿಯೇ ಬರುತ್ತಿತ್ತು! ದೀಪ ಹತ್ತಿತು ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೂಡ ಸರಿಯಿಲ್ಲ ಅಂತ ತಾನೆ? ಹಿತ್ತಲಿಗೆ ಹೋಗಿ ನೋಡಿದರೆ ಅರ್ಥಿಂಗ್ ಗುಂಡಿಯ ಎರೆ ಮಣ್ಣು ಒಣಗಿ, ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಈಗ ಬೇಸಿಗೆ ಮುಗಿಯುವ ತನಕ ವಾರಕ್ಕೊಂದೆರಡು ಕೊಡ ನೀರು ಅದಕ್ಕೆ.

ಪಂಪ್ ಬದಲಾಯಿಸಿ, ಮೇನ್ ಬೋರ್ಡಿಗೆ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿ ಹಾಕಿಸಿದೆ. "ಎಂಸಿಬಿ ಐತಲ್ರಿ, ಮತ್ಯಾಕ ಖರ್ಚು?" ಅಂದ ಪಕ್ಕದ ಮನೆಯ ಹುಡುಗ. ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದಾಗ ಬೀಳುವ ಸ್ವಿಚ್, ಅದು ಬೀಳಬೇಕಾದರೆ ಹಲವು ಆಂಪಿಯರ್ ಹರಿಯಬೇಕು. ಅಷ್ಟರಲ್ಲಿ ಜೀವ ಹೋಗಿರುತ್ತದೆ. ನಾವು ಹಾಕಿಸಿದ ಆರ್‌ಸಿಸಿಬಿಗೆ 30 ಮಿಲಿಆಂಪಿಯರ್ ಸೋರಿದರೆ ಸಾಕು, ಪಟ್ಟಂತ ಬೀಳುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡುತ್ತೇನೆ. ಇಷ್ಟಿದ್ದರೂ ಕೂಲರ್‌ಗೆ ನೀರು ಹಾಕುವಾಗ ಪ್ಲಗ್ ಕೀಳಲೇಬೇಕು. ಹಳೇ ಸಾಕೆಟ್‌ಗೆ ಹಿಡಿಸಲ್ಲ ಅಂತ ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥಿಂಗ್ ಪಿನ್ನನ್ನೇ ಮುರಿಯುವವರಿಗೆ ಏನು ಹೇಳೋಣ!

ಇನ್ನು ಮಾಳಿಗೆ. ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದರೆ, ಮನೆ ಖಾಲಿ ಅಂತ ಡಂಗುರ ಸಾರಿದಂತೆ. ನಾವು ಒಳಗಿನಿಂದ ಚಿಲಕ ಹಾಕಿ, ಒಳಮೆಟ್ಟಿಲು ಹತ್ತಿ, ಮೇಲಿನ ಬಾಗಿಲಿಗೆ ಬೀಗ ಹಾಕುತ್ತೇವೆ. ಕೀಲಿ ಎಲ್ಲಿದೆ ಅಂತ ಮನೆಮಂದಿಗೆಲ್ಲ ಗೊತ್ತಿರಬೇಕು. ರಾತ್ರಿ ಮಳೆ ಬಂದರೆ ಹುಡುಕುತ್ತಾ ನಿಲ್ಲುವಂತಾಗಬಾರದು. ಹಿತ್ತಲ ಬಾಗಿಲಿಗೆ ಅಡ್ಡಕ್ಕೆ ಕಬ್ಬಿಣದ ಪಟ್ಟಿ. ಬಂಗಾರ ಬ್ಯಾಂಕ್ ಲಾಕರಿನಲ್ಲಿ. ಫೋನು, ಪರ್ಸು ಕಿಟಕಿ ಹತ್ತಿರ ಇಡುವುದಿಲ್ಲ, ಕೋಲು ತೂರಿಸಿ ಎಳೆದುಕೊಳ್ಳುತ್ತಾರೆ.

ಮಲಗುವ ಮುಂಚೆ ಇನ್ನೊಂದು ಕೆಲಸ ಇದೆ, ಮಕ್ಕಳಿಗೆ ಅದೇ ಖುಷಿ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು ಹಾಸಿಗೆ ಹಾಸುವ ಜಾಗ, ಗೋಡೆ ಸಂದಿ, ಇಟ್ಟಿಗೆ ರಾಶಿ ನೋಡುವುದು. ಆ ಬೆಳಕಿಗೆ ಚೇಳು ಹಸಿರು ನೀಲಿಯಾಗಿ ಹೊಳೆಯುತ್ತದೆ. ಮಾಮೂಲಿ ಟಾರ್ಚಿಗೆ ಕಾಣದ ಮರಿ ಸಹ ಸಿಕ್ಕಿಬೀಳುತ್ತದೆ. ಸಿಕ್ಕಿದ್ದನ್ನು ಉದ್ದನೆ ಇಕ್ಕಳದಲ್ಲಿ ಹಿಡಿದು ಡಬ್ಬಿಗೆ ಹಾಕುವುದು ನನ್ನ ಕೆಲಸ, ಮಕ್ಕಳು ದೂರ ನಿಲ್ಲಬೇಕು. ಕುಟುಕಿದರೆ ಮಂತ್ರ ಗಿಂತ್ರ ಅಂತ ಕೂರುವುದಿಲ್ಲ, ಸೀದಾ ಆಸ್ಪತ್ರೆ. ಕೆಂಪು ಚೇಳಿನ ವಿಷ ಹೃದಯಕ್ಕೇ ಹೊಡೆಯುತ್ತದೆ, ಅದರಲ್ಲೂ ಮಕ್ಕಳಿಗೆ. ಅದಕ್ಕೆ ಪ್ರಜೋಸಿನ್ ಅನ್ನುವ ಮಾತ್ರೆ ಇದೆ, ಬೇಗ ಬಿದ್ದಷ್ಟೂ ಒಳ್ಳೆಯದು.