ನಮ್ಮ ಬೀದಿ ಮೋರಿಗೆ ಜಾಲರಿ ಹಾಕಿಸಿದ್ದು: ನನ್ನ ಅನುಭವ

ಬೆಂಗಳೂರಿನ ಬಿಟಿಎಂ ಲೇಔಟಿನ ನಮ್ಮ ಬೀದಿಯ ಮಳೆನೀರು ರಸ್ತೆ ಪಕ್ಕದ ಮೋರಿಗೆ ಇಳಿದು ರಾಜಕಾಲುವೆ, ಅಂದರೆ ದೊಡ್ಡ ಮಳೆನೀರು ಕಾಲುವೆ, ಸೇರುತ್ತದೆ. ಈ ಭಾಗದ ನೀರು ಕೊನೆಗೆ ಹೋಗುವುದು ಬೆಳ್ಳಂದೂರು ಕೆರೆಗೆ. ಅಲ್ಲಿಂದ ವರ್ತೂರು ಕೆರೆ, ಆಮೇಲೆ ದಕ್ಷಿಣ ಪಿನಾಕಿನಿ. ಆ ನದಿ ಹೊಸೂರಿನ ಕಡೆಯಿಂದ ತಮಿಳುನಾಡಿಗೆ ಇಳಿದು ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ನಮ್ಮ ಗೇಟಿನ ಮುಂದೆ ಬಿದ್ದ ಹಾಲಿನ ಪ್ಯಾಕೆಟ್ಟಿಗೆ ಸಮುದ್ರದವರೆಗೂ ದಾರಿ ಇದೆ. ಇದು ಗೊತ್ತಾದ ಮೇಲೆ ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ.

ನಾಲ್ಕು ಮನೆಯವರು ಸೇರಿ, ವಾರ್ಡ್ ಎಂಜಿನಿಯರ್ ಒಪ್ಪಿಗೆ ಪಡೆದು, ಮೋರಿ ರಾಜಕಾಲುವೆಗೆ ಬೀಳುವ ಜಾಗದಲ್ಲಿ ಜಾಲರಿ ಹಾಕಿಸಿದೆವು. ಮೋರಿ 3 ಅಡಿ ಅಗಲ, 4 ಅಡಿ ಆಳ. 1 ಇಂಚು ಕಣ್ಣಿನ ಚೌಕದ ಮೆಶ್ ತಂದು, ತಳದಿಂದ ಮೇಲಿನ ಚಪ್ಪಡಿವರೆಗೂ ನೆಟ್ಟಗೆ ನಿಲ್ಲಿಸಿಬಿಟ್ಟೆವು. ಒಂದು ಚೂರೂ ದಾಟಬಾರದು ಅನ್ನುವುದು ನನ್ನದೇ ಹಟ.

ಮೇ ತಿಂಗಳ ಒಂದು ಸಂಜೆ ಜೋರು ಮಳೆ ಬಂತು. ಅರ್ಧ ಗಂಟೆಯೊಳಗೆ ಜಾಲರಿ ಗೋಡೆಯಾಯಿತು. ನೀರು ಹಿಂದಕ್ಕೆ ಏರಿ, ತಗ್ಗಿನಲ್ಲಿದ್ದ ಮನೆಯ ಅಡುಗೆಮನೆಗೆ ನುಗ್ಗಿತು. ಆ ಮನೆಯ ಅಜ್ಜಿ ಅಕ್ಕಿ ಡಬ್ಬ ಎತ್ತಿಕೊಂಡು ಮಂಚದ ಮೇಲೆ ಕೂತಿದ್ದರು. ಬೀದಿಯ ಹುಡುಗರು ಹಗ್ಗ ಕಟ್ಟಿ ಮೇಲಿಂದಲೇ ಜಾಲರಿ ಕಿತ್ತರು. ಮರುದಿನ ಹೋಗಿ ಕ್ಷಮೆ ಕೇಳಿದೆ, ನೆಲ ತೊಳೆದುಕೊಟ್ಟೆ. ಅಜ್ಜಿ ಬೈಯಲಿಲ್ಲ. "ಇನ್ನೊಂದ್ಸಲ ಹಾಕೋ ಮುಂಚೆ ನನಗೊಂದು ಮಾತು ಹೇಳಮ್ಮ" ಎಂದರು, ಅಷ್ಟೇ.

ಅಂದು ಸಿಕ್ಕ ಕಸ 11 ಗೋಣಿಚೀಲ. ಬಿಚ್ಚಿ ನೋಡಿದರೆ ಮುಕ್ಕಾಲು ಭಾಗ ಒದ್ದೆ ಎಲೆ. ಹೊಂಗೆ ಎಲೆ ಜಾಸ್ತಿ. ಒಂದೆರಡು ಪ್ಲಾಸ್ಟಿಕ್ ಚೀಲ ಮೆಶ್‌ಗೆ ಅಂಟಿದರೆ ಸಾಕು, ಅದರ ಮೇಲೆ ಎಲೆ ಪದರ ಪದರವಾಗಿ ಕೂತು ಕಣ್ಣೆಲ್ಲ ಮುಚ್ಚುತ್ತದೆ.

ಎರಡನೇ ಸಲ ವೆಲ್ಡಿಂಗ್ ಶಾಪಿನವರ ಜೊತೆ ಕೂತು ಯೋಚಿಸಿದೆವು. 12 ಮಿ.ಮೀ. ಸರಳು, ನಡುವೆ 2 ಇಂಚು ಜಾಗ. ಎಲ್ಲ ಸರಳೂ ಉದ್ದುದ್ದ, ಎದುರಿಗೆ ಒಂದೂ ಅಡ್ಡ ಸರಳಿಲ್ಲ. ಅಡ್ಡ ಸರಳಿದ್ದರೆ ಕಸ ಎಳೆಯುವ ರೇಕ್‌ನ ಹಲ್ಲು ಸಿಕ್ಕಿಕೊಳ್ಳುತ್ತದೆ, ಕಸ ಮೇಲೆ ಬರುವುದೇ ಇಲ್ಲ. ಜಾಲರಿಯ ತಲೆ ನೀರು ಹೋಗುವ ಕಡೆಗೆ ವಾಲುವಂತೆ ಓರೆಯಾಗಿ ಕೂರಿಸಿದೆವು. ಆಗ ನೀರೇ ಕಸವನ್ನು ಮೇಲಕ್ಕೆ ದೂಡುತ್ತದೆ, ಕೆಳಗೆ ಹರಿವಿಗೆ ದಾರಿ ಉಳಿಯುತ್ತದೆ. ಎತ್ತರ ಎರಡೂವರೆ ಅಡಿ ಮಾತ್ರ. ಮೇಲಿನ ಒಂದೂವರೆ ಅಡಿ ಬೇಕೆಂದೇ ಖಾಲಿ ಬಿಟ್ಟೆವು. ದೊಡ್ಡ ಮಳೆಗೆ ಒಂದಿಷ್ಟು ಕಸ ಹಾರಿ ಹೋಗುತ್ತದೆ. ಹೋಗಲಿ, ಮನೆಗೆ ನೀರು ನುಗ್ಗಬಾರದು.

ಆಸ್ಟ್ರೇಲಿಯಾದ ಕ್ವಿನಾನಾದಲ್ಲಿ ಪೈಪಿನ ಬಾಯಿಗೆ ಬಲೆಚೀಲ ಕಟ್ಟಿದ ಫೋಟೊ 2018ರಲ್ಲಿ ತುಂಬಾ ಓಡಾಡಿತ್ತು. ನಾವೂ ಅದನ್ನೇ ಮಾಡೋಣ ಅಂತ ಕೆಲವರು ಹೇಳಿದರು. ಅಲ್ಲಿ ತುಂಬಿದ ಬಲೆಯನ್ನು ಕ್ರೇನಿನಿಂದ ಎತ್ತಿ ಲಾರಿಗೆ ಸುರಿಯುತ್ತಾರೆ. ನಮ್ಮ ಗಲ್ಲಿಯಲ್ಲಿ ಕಸದ ಆಟೋ ತಿರುಗಿಸುವುದೇ ಕಷ್ಟ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ಮಳೆನೀರಿನ ಮೋರಿಗೂ ಮನೆಗಳ ಕೊಳಚೆ ಸೇರುತ್ತದೆ. ಹಾಗಾಗಿ ಯಾರೂ ಮೋರಿಗೆ ಇಳಿಯಬಾರದು. ಮ್ಯಾನ್‌ಹೋಲ್, ಮಲದ ಗುಂಡಿಗಳಿಗೆ ಜನರನ್ನು ಇಳಿಸುವುದರ ವಿರುದ್ಧ 2013ರ ಕಾನೂನು ಇದೆ. ಕಾನೂನು ಇಲ್ಲದಿದ್ದರೂ ನಾನು ಇಳಿಸುತ್ತಿರಲಿಲ್ಲ. ಉದ್ದ ಬಿದಿರಿಗೆ ಕಬ್ಬಿಣದ ರೇಕ್ ಕಟ್ಟಿ, ಗ್ಲೌಸ್ ಹಾಕಿಕೊಂಡು, ಮೇಲೆ ನಿಂತೇ ಎಳೆಯುತ್ತೇವೆ. ಮಳೆ ಸುರಿಯುವಾಗ ಅದೂ ಇಲ್ಲ.

ಎಲೆಯ ಸಮಸ್ಯೆ ಬಿಡಿಸಿದ್ದು ನಮ್ಮ ಬೀದಿ ಗುಡಿಸುವ ಅಕ್ಕ. ಫೆಬ್ರವರಿಯಲ್ಲಿ ಎಲೆ ಉದುರಿದಾಗ ಅವರು ಗುಡ್ಡೆಯನ್ನು ಮೋರಿಯ ಕಿಂಡಿಗೆ ತಳ್ಳುತ್ತಿದ್ದರು. "ಅಕ್ಕ, ಇಲ್ಲಿ ಹಾಕಬೇಡಿ" ಎಂದೆ. "ಮತ್ತೆ ಎಲ್ಲಿ ಹಾಕ್ಲಿ ಮೇಡಂ? ಆಟೋದವ್ರು ಎಲೆ ತಗೊಳ್ಳಲ್ಲ" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾರ್ಕಿನ ಮೂಲೆಯಲ್ಲಿ ತಂತಿಬಲೆಯ ಎರಡು ಎಲೆಗೊಬ್ಬರದ ಗೂಡು ಮಾಡಿಸಿದೆವು. ಮರುವರ್ಷದ ಮೊದಲ ದೊಡ್ಡ ಮಳೆಗೆ ಸಿಕ್ಕಿದ್ದು 4 ಚೀಲ. ವರ್ಷದಲ್ಲಿ ಹೆಚ್ಚು ಕಸ ತರುವುದು ಈ ಮೊದಲ ಮಳೆಗಳೇ. ತಿಂಗಳುಗಟ್ಟಲೆ ಬೀದಿಯಲ್ಲಿ ಕೂಡಿದ್ದೆಲ್ಲ ಒಟ್ಟಿಗೆ ಇಳಿಯುತ್ತದೆ. ಏಪ್ರಿಲ್ ಹುಟ್ಟುವ ಮೊದಲೇ ಕಿಂಡಿಗಳನ್ನು ಗುಡಿಸಿಡಿ.

ಉಳಿದ ಕಸ ಒಣಗಿಸಿ ಬೇರೆ ಮಾಡಿದಾಗ ಟೀ ಕಪ್ಪುಗಳೇ ಜಾಸ್ತಿ ಇದ್ದವು. ಆ ಚೀಲವನ್ನು ಮೂಲೆಯ ಟೀ ಅಂಗಡಿಯವರಿಗೆ ತೋರಿಸಿದೆ. ಅವರು ಮತ್ತೆ ಗಾಜಿನ ಲೋಟ ಇಟ್ಟರು. ಗುಟ್ಕಾ ಚೀಟಿ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಥರ್ಮಾಕೋಲ್ ಕಾಳು ಈಗಲೂ 2 ಇಂಚಿನ ಸಂದಿಯಲ್ಲಿ ನುಸುಳುತ್ತವೆ. ಜಾಲರಿಯಿಂದ ಅವನ್ನು ಹಿಡಿಯಲು ಆಗುವುದಿಲ್ಲ. ಪ್ಯಾಕೆಟ್ಟಿನ ಮೂಲೆ ಪೂರ್ತಿ ಕತ್ತರಿಸದೆ ಅಂಟಿಕೊಂಡೇ ಬಿಡಿ ಅಂತ ಮನೆಮನೆಗೆ ಹೇಳುತ್ತಿದ್ದೇನೆ.

ನೀರು ಎಷ್ಟು ಏರಿದೆ ಅಂತ ನೋಡಲು ಮೋರಿಯ ಗೋಡೆಗೆ ಬಿಳಿ ಪೇಂಟಿನಲ್ಲಿ ಮೂರು ಗೆರೆ ಎಳೆದಿದ್ದೇವೆ. ಅದು ಚೆನ್ನಾಗಿ ಕಾಣುವುದು ಅಜ್ಜಿಯ ಕಿಟಕಿಯಿಂದ. ಮಳೆ ನಿಂತ ಕೂಡಲೇ ಅವರ ಫೋನ್ ಬರುತ್ತದೆ: "ಎರಡನೇ ಗೆರೆ ದಾಟಿದೆ ಕಣಮ್ಮ, ಬಿದಿರು ತಗೊಂಡು ಬಾ."