ಮುದಿ ನಾಯಿಗೆ ಕಿವಿ ಮಂದವಾದಾಗ

ಕರೆದರೂ ತಿರುಗಿ ನೋಡದ ಮುದಿ ನಾಯಿಯನ್ನು ಹಟಮಾರಿ, ಜಾಣಕಿವುಡು ಎಂದು ಗದರುವ ಮೊದಲು ಅದರ ಕಿವಿಯ ಮೇಲೊಂದು ಅನುಮಾನ ಇರಲಿ. ವಯಸ್ಸಿನ ಕಿವುಡು ರಾತ್ರೋರಾತ್ರಿ ಬರುವಂಥದ್ದಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಕೀಚಲು ಸದ್ದುಗಳು. ಹಾಗಾಗಿ ಸಿಳ್ಳೆಗೂ ಮಕ್ಕಳ ಕೂಗಿಗೂ ಅಲುಗದ ನಾಯಿ, ಬಾಗಿಲು ದಢಾರನೆ ಬಡಿದರೆ ತಲೆ ಎತ್ತುತ್ತದೆ. ಬೇಕಾದ್ದು ಮಾತ್ರ ಕೇಳಿಸುತ್ತದೆ ಇದಕ್ಕೆ ಎಂದು ಮನೆಯವರು ನಗುತ್ತಾರೆ. ಕಣ್ಣು, ಮೂಗು, ನೆಲದ ಅದುರು ಇವನ್ನೆಲ್ಲ ನೆಚ್ಚಿಕೊಂಡು ನಾಯಿ ಎಷ್ಟು ಚೆನ್ನಾಗಿ ದಿನ ದೂಡುತ್ತದೆಂದರೆ, ಕೇಳುವಿಕೆ ಬಹುಪಾಲು ಹೋದ ಮೇಲೆಯೇ ಎಷ್ಟೋ ಮನೆಗಳಲ್ಲಿ ವಿಷಯ ಗೊತ್ತಾಗುವುದು.

ನೀವು ಒಳಗೆ ಬಂದರೂ ಎಚ್ಚರಾಗದೆ ಮಲಗಿರುವುದು, ಮುಟ್ಟಿದರೆ ಬೆಚ್ಚಿಬೀಳುವುದು, ಕರೆದಾಗ ತಪ್ಪು ದಿಕ್ಕಿಗೆ ನೋಡುವುದು, ಇವು ಮೊದಲ ಲಕ್ಷಣಗಳು. ದಿಕ್ಕು ತಪ್ಪುವುದೇಕೆಂದರೆ, ಎರಡು ಕಿವಿಗೂ ಕೇಳಿಸಿದ್ದನ್ನು ಹೋಲಿಸಿಯೇ ಸದ್ದು ಎತ್ತಲಿಂದ ಬಂತೆಂದು ತಿಳಿಯುವುದು, ಒಂದು ಕಿವಿ ಇನ್ನೊಂದಕ್ಕಿಂತ ಮಂದವಾದರೆ ಆ ಲೆಕ್ಕ ತಪ್ಪುತ್ತದೆ. ಮನೆಯಲ್ಲೇ ಪರೀಕ್ಷಿಸಬೇಕೆಂದರೆ ನಾಯಿ ಮಲಗಿದ್ದಾಗ, ಇಲ್ಲವೇ ಬೇರೆ ಕಡೆ ಮುಖ ಮಾಡಿದ್ದಾಗ, ಏಳೆಂಟು ಅಡಿ ಹಿಂದೆ ಅದಕ್ಕೆ ಕಾಣದಂತೆ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿ. ಸ್ವಲ್ಪ ಹೊತ್ತು ಬಿಟ್ಟು ದಪ್ಪ ದನಿಯಲ್ಲಿ ಕರೆಯಿರಿ. ಹತ್ತಿರ ಬಂದು ಚಪ್ಪಾಳೆ ತಟ್ಟಬೇಡಿ, ಗಾಳಿ ಬೀಸಿದ್ದು ಮೈಗೆ ತಿಳಿದುಬಿಡುತ್ತದೆ. ಕಾಲು ಅಪ್ಪಳಿಸಬೇಡಿ, ಅದುರು ತಿಳಿಯುತ್ತದೆ. ಒಂದೇ ಸದ್ದನ್ನು ಮೇಲಿಂದ ಮೇಲೆ ಮಾಡಿದರೆ ಚೆನ್ನಾಗಿ ಕೇಳಿಸುವ ನಾಯಿಯೂ ಬೇಸತ್ತು ಸುಮ್ಮನಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವಯಸ್ಸಿನ ಮೇಲೆ ಹೊಣೆ ಹೊರಿಸುವ ಮುನ್ನ ಪಶುವೈದ್ಯರಿಗೊಮ್ಮೆ ತೋರಿಸಲೇಬೇಕು. ಗಟ್ಟಿಯಾದ ಗುಗ್ಗೆ, ಸೋಂಕು, ಕಿವಿಯೊಳಗಿನ ಗಂಟು ಸದ್ದಿನ ದಾರಿಯನ್ನು ಮುಚ್ಚಿರಬಹುದು, ಇವುಗಳಿಗೆ ಮದ್ದುಂಟು. ಕಿವಿ ನಾರುತ್ತಿದ್ದರೆ, ಕಂದು ಬಣ್ಣದ ಕೊಳೆ ಬರುತ್ತಿದ್ದರೆ, ತಲೆ ಕೊಡವುತ್ತಿದ್ದರೆ ಕಾಯಬೇಡಿ. ಕಿವುಡು ಒಮ್ಮೆಲೇ ಬಂದರೆ, ಅಥವಾ ಕುತ್ತಿಗೆ ವಾಲಿಸಿಕೊಂಡು ಸುತ್ತು ತಿರುಗುತ್ತಿದ್ದರೆ ಅದೇ ದಿನ ಹೋಗಿ. ನಾಯಿಯ ಕಿವಿಯ ಕೊಳವೆ ಕೆಳಗಿಳಿದು ಒಳಮುಖವಾಗಿ ತಿರುಗುವುದರಿಂದ ಹತ್ತಿಕಡ್ಡಿ ಹಾಕಿದರೆ ಕೊಳೆ ಇನ್ನೂ ಒಳಗೆ ಹೋಗಿ ಕೂರುತ್ತದೆ. ಕಿವಿಯ ತಮಟೆ ಹರಿದಿದೆಯೋ ಇಲ್ಲವೋ ನೋಡದೆ ಹನಿ ಹಾಕುವುದೂ ಅಪಾಯ, ಜೆಂಟಾಮೈಸಿನ್‌ನಂಥ ಕೆಲವು ಔಷಧಗಳು ಒಳಗಿವಿಗೆ ತಲುಪಿದರೆ ಉಳಿದ ಕೇಳುವಿಕೆಯನ್ನೂ ಕೆಡಿಸಬಲ್ಲವು. ತಲೆಯ ಚರ್ಮಕ್ಕೆ ಸಣ್ಣ ಸೂಜಿ ಚುಚ್ಚಿ, ಸದ್ದಿಗೆ ಮಿದುಳು ಸ್ಪಂದಿಸುವುದನ್ನು ಒಂದೊಂದೇ ಕಿವಿಗೆ ಅಳೆಯುವ 'ಬೇರ್' ಎಂಬ ಪರೀಕ್ಷೆ ಇದೆ. ಖಚಿತವಾಗಿ ಹೇಳುವುದು ಅದೊಂದೇ, ಆದರೆ ಮುದಿ ನಾಯಿಗೆ ಅಷ್ಟರ ಅಗತ್ಯ ಬೀಳುವುದು ಅಪರೂಪ.

ಇನ್ನು ನಿಜವಾದ ಕೆಲಸ. ಇನ್ನೂ ಒಂದಿಷ್ಟು ಕೇಳಿಸುತ್ತಿರುವಾಗಲೇ ಮಾತಿನ ಬದಲು ಕೈಸನ್ನೆ ಕಲಿಸಿಬಿಡಿ, ಪೂರ್ತಿ ಹೋಗಲಿ ಎಂದು ಕಾದರೆ ಕೆಲಸ ದುಪ್ಪಟ್ಟು. ಕ್ರಮ ಹೀಗಿರಲಿ: ಮೊದಲು ಸನ್ನೆ, ಒಂದು ಕ್ಷಣ ಬಿಟ್ಟು ಹಳೆಯ ಮಾತು, ಹೇಳಿದ್ದನ್ನು ಮಾಡಿದ ಕೂಡಲೇ ತಿನಿಸು. ಮಾತು ಮುಂದಾದರೆ, ಅಥವಾ ಎರಡೂ ಒಟ್ಟಿಗೆ ಬಂದರೆ ನಾಯಿ ಮಾತನ್ನಷ್ಟೇ ಹಿಡಿಯುತ್ತದೆ, ಕೈಯ ಕಡೆ ನೋಡುವುದೇ ಇಲ್ಲ. ಎಷ್ಟು ಕಲಿಸಿದರೂ ಹತ್ತುತ್ತಿಲ್ಲ ಅನ್ನುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ಮಾತಿಗೆ ಮೊದಲೇ ನಾಯಿ ಕೆಲಸ ಮಾಡತೊಡಗಿತೆಂದರೆ ಸನ್ನೆ ಹತ್ತಿದೆ ಎಂದರ್ಥ, ಮಾತು ಬಿಡಬಹುದು. ಒಂದು ಸಲಕ್ಕೆ ಮೂರು ನಾಲ್ಕು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ತಿನಿಸು ಕಡಲೆ ಕಾಳಿನಷ್ಟಿರಲಿ, ಅದನ್ನು ದಿನದ ಊಟದಲ್ಲೇ ಕಳೆಯಿರಿ. ಕೀಲು ನೋವಿರುವ ನಾಯಿಯನ್ನು ಕೂರಿಸಿ ಏಳಿಸಿ ಪಾಠ ಮಾಡಬೇಡಿ. ಬಾ, ನಿಲ್ಲು, ಹೊರಗೆ ಹೋಗೋಣ, ಊಟ, ಭೇಷ್, ಈ ಐದು ಗೊತ್ತಿದ್ದರೆ ಸಂಸಾರ ನಡೆಯುತ್ತದೆ.

ಸನ್ನೆ ದೊಡ್ಡದಾಗಿರಬೇಕು. ಬೆರಳಾಟ ಮುದಿ ಕಣ್ಣಿಗೆ ಕಾಣದು, ಆದರೆ ತೋಳಿನ ಚಲನೆ ದೂರದಿಂದಲೂ ಕಾಣುತ್ತದೆ. "ಬಾ" ಎನ್ನಲು ಎರಡೂ ತೋಳು ಅಗಲಿಸಿ ಎದೆಗೆ ತನ್ನಿ. "ನಿಲ್ಲು" ಎನ್ನಲು ಅಂಗೈ ಮುಂದೆ ಚಾಚಿ. "ಭೇಷ್" ಎನ್ನಲು ತೋಳನ್ನೇ ಮೇಲೆತ್ತಿ ಹೆಬ್ಬೆರಳು ತೋರಿಸಿ, ಜೊತೆಗೆ ನಗಿ, ನಾಯಿ ನಿಮ್ಮ ಮುಖವನ್ನೂ ಓದುತ್ತದೆ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಎದೆಯ ಮುಂದಿನ ಕೈ ನೆರಳಲ್ಲಿ ಮಾಯವಾಗುತ್ತದೆ, ಬೆಳಕು ನಿಮ್ಮ ಮೇಲೆ ಬೀಳುವಂತೆ ನಿಲ್ಲಿ. ನಾಯಿಗೆ ಕೆಂಪು ಹಸಿರಿನ ಭೇದ ಅಷ್ಟಾಗಿ ಇಲ್ಲ, ಹುಲ್ಲಿನ ಮೇಲೆ ನಿಂತಾಗ ಕೆಂಪಂಗಿ ಎದ್ದು ಕಾಣುತ್ತದೆಂದು ನೀವಂದುಕೊಂಡರೆ ಅದಕ್ಕೆ ಹಾಗೆ ಕಾಣುವುದಿಲ್ಲ. ಮನೆಯವರೆಲ್ಲ ಒಂದೇ ಸನ್ನೆ ಬಳಸಬೇಕು, ಅಜ್ಜನದೊಂದು ಮೊಮ್ಮಗನದೊಂದು ಆಗಬಾರದು. ಸನ್ನೆ ಎಷ್ಟು ಚೆನ್ನಾಗಿದ್ದರೂ ನಾಯಿ ನಿಮ್ಮ ಕಡೆ ನೋಡದಿದ್ದರೆ ವ್ಯರ್ಥ. ಅದಕ್ಕೆ ಉಪಾಯ, ಅದು ತಾನಾಗಿ ನಿಮ್ಮತ್ತ ತಿರುಗಿದಾಗಲೆಲ್ಲ ಒಂದು ತುಣುಕು ಕೊಡುವುದು. ಕ್ರಮೇಣ ಆಗಾಗ ನಿಮ್ಮನ್ನು ಹುಡುಕಿ ನೋಡುವುದು ಅದಕ್ಕೆ ರೂಢಿಯಾಗುತ್ತದೆ.

ಕಿವುಡು ನಾಯಿ ಕಚ್ಚಿತು ಎಂಬ ದೂರಿನ ಹಿಂದೆ ಇರುವುದು ಬಹುತೇಕ ಸಿಟ್ಟಲ್ಲ, ಬೆಚ್ಚುವಿಕೆ. ಗಾಢ ನಿದ್ದೆಯಲ್ಲಿದ್ದಾಗ ಯಾರೋ ಬೆನ್ನು ಹಿಡಿದರೆ ಬಾಯಿ ಮೊದಲು ಓಡುತ್ತದೆ, ತಿಳಿವು ಆಮೇಲೆ ಬರುತ್ತದೆ. ಎಬ್ಬಿಸುವಾಗ ಅದರ ಮುಖದ ಮೇಲೆ ಬಾಗಬೇಡಿ. ಮಂಡಿಯೂರಿ, ಮೂಗಿನಿಂದ ಒಂದು ಗೇಣು ದೂರದಲ್ಲಿ ಕೈ ಹಿಡಿದು ವಾಸನೆ ತಲುಪಲು ಬಿಡಿ. ಏಳದಿದ್ದರೆ ಹಾಸಿಗೆಯ ಅಂಚನ್ನು ಮೆಲ್ಲಗೆ ಒತ್ತಿ. ಮರದ ನೆಲವಾದರೆ ಹೆಜ್ಜೆಯ ಅದುರೇ ಸಾಕಾಗಬಹುದು, ಕಲ್ಲು, ಸಿಮೆಂಟಿನ ನೆಲದಲ್ಲಿ ಅದುರು ಅಷ್ಟಾಗಿ ಹರಿಯದು. ಕೊನೆಗೆ ಹೆಗಲ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಪ್ರತಿ ಸಲವೂ ಅದೇ ಜಾಗ. ಹಗಲು ಎಚ್ಚರವಿರುವಾಗಲೇ ಇದನ್ನು ರೂಢಿ ಮಾಡಿಸಬೇಕು: ತಟ್ಟು, ತಿನಿಸು, ತಟ್ಟು, ತಿನಿಸು. ಮೊದಲು ಅದು ನೋಡುತ್ತಿರುವಾಗ, ಬಳಿಕ ಹಿಂದಿನಿಂದ, ಆಮೇಲೆ ತೂಕಡಿಸುತ್ತಿರುವಾಗ. ಚಿಕ್ಕ ಮಕ್ಕಳಿಗೆ ಮಾತ್ರ ಇದ್ಯಾವುದೂ ಬೇಡ, ಮಲಗಿದ ನಾಯಿಯನ್ನು ಮುಟ್ಟಕೂಡದು ಎಂಬ ಒಂದೇ ಕಟ್ಟಳೆ ಇರಲಿ.

ಹಾಸಿಗೆ ಗೋಡೆಗೆ ತಾಗಿರಲಿ, ಅಲ್ಲಿಂದ ಬಾಗಿಲು ಕಾಣಲಿ, ಓಡಾಡುವ ದಾರಿಯಲ್ಲಾಗಲಿ ಬಾಗಿಲ ಮರೆಯಲ್ಲಾಗಲಿ ಬೇಡ. ರಾತ್ರಿ ಸಣ್ಣ ದೀಪವೊಂದು ಉರಿಯಲಿ. ಕೇಳಿಸದ ನಾಯಿಗೆ ಕತ್ತಲೆಯೂ ಆದರೆ ಮೂಗೊಂದೇ ಗತಿ.

ಹೊರಗೆ ಹೋದಾಗ ರಾಜಿ ಬೇಡ. ವಾಹನ ಬರುವುದು ಕೇಳಿಸದು, ನಿಮ್ಮ ಕೂಗೂ ಕೇಳಿಸದು, ಆದ್ದರಿಂದ ಬೇಲಿಯಿಲ್ಲದ ಕಡೆ ಹಗ್ಗ ಬಿಚ್ಚಬೇಡಿ. ಬಯಲಿನಲ್ಲಿ ಸುತ್ತಾಡಲು ಬಿಡಬೇಕೆಂದರೆ ಐದು ಮೀಟರಿನ ಉದ್ದ ಹಗ್ಗವನ್ನು ಕುತ್ತಿಗೆಗಲ್ಲ, ಎದೆಪಟ್ಟಿಗೆ ಕಟ್ಟಿ. ಕೊರಳ ಬಿಲ್ಲೆಯ ಮೇಲೆ ಫೋನ್ ನಂಬರಿನ ಜೊತೆ "ಕಿವಿ ಕೇಳಿಸುವುದಿಲ್ಲ" ಎಂದು ಬರೆಸಿ. ಇನ್ನೊಂದು ಮಾತು, ಮನೆಯ ಗಾಡಿಯನ್ನು ಚಾಲೂ ಮಾಡುವ ಮೊದಲು ಪ್ರತಿ ಸಲವೂ ಅಡಿಯಲ್ಲಿ ಬಗ್ಗಿ ನೋಡಿ. ಎಂಜಿನ್ ಸದ್ದಿಗೆ ಎದ್ದೋಡುತ್ತಿದ್ದ ನಾಯಿ ಈಗ ನೆರಳಲ್ಲಿ ಹಾಗೇ ಮಲಗಿರುತ್ತದೆ.

ಕತ್ತಲಲ್ಲಿ ಅಂಗಳದಿಂದ ಕರೆಯಲು ಹೊರಗಿನ ದೀಪವನ್ನು ಎರಡು ಸಲ ಹೊತ್ತಿಸಿ ಆರಿಸಿ, ಬಂದಾಗ ತಿನಿಸು ಕೊಡಿ. ಟಾರ್ಚಾದರೆ ನೆಲಕ್ಕೆ ಬಿಡಿ, ಕಣ್ಣಿಗಲ್ಲ. ಲೇಸರ್ ಚುಕ್ಕೆ ಬೇಡ, ಕೆಲವು ನಾಯಿಗಳಿಗೆ ಅದನ್ನು ಅಟ್ಟುವುದೇ ಗೀಳಾಗುತ್ತದೆ. ರಿಮೋಟ್ ಒತ್ತಿದರೆ ಅದುರುವ ಕೊರಳಪಟ್ಟಿ ಕೊಳ್ಳುವುದಾದರೆ ವಿದ್ಯುತ್ ಹೊಡೆತ ಕೊಡದ, ಬರೀ ಅದುರುವಂಥದ್ದೇ ಆಗಿರಲಿ. ಅತಿ ಕಡಿಮೆ ಮಟ್ಟದಲ್ಲಿಟ್ಟು, "ಅದುರಿದರೆ ತಿನಿಸು ಬರುತ್ತದೆ" ಎಂಬುದನ್ನು ಮನೆಯೊಳಗೆ ಹಲವು ದಿನ ಕಲಿಸಿದ ಮೇಲೆ ಹೊರಗೆ ಬಳಸಿ. ಅದರ ಅರ್ಥ ಒಂದೇ ಇರಬೇಕು, "ನನ್ನನ್ನು ನೋಡು". ಗದರಲು ಅದನ್ನು ಒತ್ತಿದರೆ ಕಲಿಸಿದ್ದೆಲ್ಲ ಕೆಟ್ಟಿತು. ರಾತ್ರಿ ಬಿಚ್ಚಿಡಿ.

ಕೇಳಿಸದ ನಾಯಿ ಜೋರಾಗಿ, ಹೊತ್ತಲ್ಲದ ಹೊತ್ತಲ್ಲಿ ಬೊಗಳುವುದುಂಟು, ತನ್ನ ದನಿಯೇ ಅದಕ್ಕೆ ಕೇಳಿಸದು. ಮೊದಲು ನೀರು, ಹೊರಗೆ ಹೋಗುವ ಅವಸರ, ನೋವು ಇವನ್ನು ನೋಡಿ. ರಾತ್ರಿಯಿಡೀ ಅಲೆದಾಡುವುದು, ಮೂಲೆಯಲ್ಲಿ ಸಿಕ್ಕಿಕೊಂಡು ನಿಲ್ಲುವುದು, ಮನೆಯೊಳಗೇ ಗಲೀಜು ಮಾಡುವುದು ಸೇರಿಕೊಂಡರೆ ಅದು ಕಿವಿಯದಷ್ಟೇ ತೊಂದರೆಯಲ್ಲ, ಮುಪ್ಪಿನ ಅರಳುಮರಳೂ ಇರಬಹುದು, ವೈದ್ಯರಿಗೆ ಹೇಳಿ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಊಟ ಬೇರೆ ಬೇರೆ ಕಡೆ ಹಾಕಿ. ಅದು ಗುರ್ ಎಂದು ಎಚ್ಚರಿಸಿದ್ದು ಇದಕ್ಕೆ ತಿಳಿಯದೆ ತಟ್ಟೆಗೆ ಮೂಗು ಹಾಕಿದರೆ ಜಗಳ ಖಂಡಿತ.

ಮನೆಯಿಂದ ಹೊರಡುವಾಗ ಮಲಗಿದೆಯಲ್ಲ ಎಂದು ಸದ್ದಿಲ್ಲದೆ ಜಾರಿಕೊಳ್ಳಬೇಡಿ. ಎದ್ದ ಮೇಲೆ ನೀವು ಹೋದದ್ದೇ ತಿಳಿಯದೆ ಕೋಣೆ ಕೋಣೆ ಹುಡುಕುತ್ತದೆ, ಹಲವು ನಾಯಿಗಳಿಗೆ ಇದರಿಂದಲೇ ಗಾಬರಿ ಹತ್ತುತ್ತದೆ. ಹೆಗಲು ತಟ್ಟಿ ಎಬ್ಬಿಸಿ, ಬಾಗಿಲು ದಾಟುವುದನ್ನು ಅದು ನೋಡಲಿ. ನೀವು ಉಟ್ಟು ಬಿಟ್ಟ ಬಟ್ಟೆಯೊಂದನ್ನು ಹಾಸಿಗೆಯ ಮೇಲೆ ಹಾಕಿ ಹೋಗಿ.